ರೈಟಿಂಗ್‌ನಲ್ಲಿ ಮಾತ್ರ ಐದೂವರೆ

ಓದುಗರ ಪತ್ರ: ಸಂಪಾದಕರೇ, ನನ್ನ ಮಗಳು ಹೊರದೇಶದ ವಿಶ್ವವಿದ್ಯಾಲಯವೊಂದಕ್ಕೆ ಎಂಎಸ್‌ಸಿಗೆ ಅರ್ಜಿ ಹಾಕಿದ್ದಾಳೆ. ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಲಿಸನಿಂಗ್ 7.5, ರೀಡಿಂಗ್ 7, ಸ್ಪೀಕಿಂಗ್ 6.5 ಬಂದಿದೆ. ರೈಟಿಂಗ್ ಮಾತ್ರ 5.5, ಯಾಕೆ ಅಂತ ಎಲ್ಲೂ ಹೇಳಿಲ್ಲ. ಒಟ್ಟು 6.5. ಅವರು ಕೇಳಿರುವುದೂ 6.5. ಆದರೆ ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದಂತೆ. ಒಂದನೇ ಕ್ಲಾಸಿನಿಂದ ಇಂಗ್ಲಿಷಿನಲ್ಲೇ ಓದಿದವಳಿಗೆ ಈ ಪರೀಕ್ಷೆ ಯಾಕೆ ಬೇಕು? ಈಗ ಮತ್ತೆ ಬರೆಸಬೇಕೋ, ಬೇರೆ ಪರೀಕ್ಷೆ ಕೊಡಿಸಬೇಕೋ? ಒಂದಿಷ್ಟು ಪ್ರಬಂಧ ಬಾಯಿಪಾಠ ಮಾಡಿಸಿದರೆ ಸಾಕು ಅಂತ ಪರಿಚಯದವರು ಹೇಳುತ್ತಾರೆ. ಅವಳು ಅಭ್ಯಾಸಕ್ಕೆ ಬರೆದ ಎರಡು ಹಾಳೆ ಜೊತೆಗಿಟ್ಟಿದ್ದೇನೆ. ಓದಿ ಹೇಳಿ. ಮಗಳು ಎಲ್ಲೋ ಹಿಂದೆ ಉಳಿದಿದ್ದಾಳೆ ಅನ್ನಿಸುತ್ತದೆ. ಮಂಕಾಗಿದ್ದಾಳೆ, ಊಟ ಸರಿಯಾಗಿ ಮಾಡುತ್ತಿಲ್ಲ. – ಒಬ್ಬ ತಾಯಿ

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರಕ್ಕಿಂತ ಮೊದಲು ಮಗಳ ಹಾಳೆಗಳನ್ನೇ ಓದಿದೆ. ಬೇರೆಯವರು ಬರೆದದ್ದನ್ನು ಓದಿ ತಿದ್ದುವುದೇ ನನ್ನ ದಿನವಿಡೀ ಕೆಲಸ. ಹಾಗಾಗಿ ಕೈ ತಾನಾಗಿ ಪೆನ್ಸಿಲ್ ಹುಡುಕಿತು. ಎರಡು ಸಲ ಓದಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮಗಳ ಇಂಗ್ಲಿಷ್ ಚೆನ್ನಾಗಿದೆ. ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ಅಂಕ ಹೋಗಿರುವುದು ಬೇರೆ ಕಡೆ.

ಮೊದಲು ಲೆಕ್ಕ ನೋಡೋಣ. ನಾಲ್ಕೂ ವಿಭಾಗ ಕೂಡಿಸಿದರೆ 26.5. ನಾಲ್ಕರಿಂದ ಭಾಗಿಸಿದರೆ 6.625. ಈ ಪರೀಕ್ಷೆಯ ಅಂಕಕ್ಕೆ ಬ್ಯಾಂಡ್ ಅನ್ನುತ್ತಾರೆ. ಸರಾಸರಿಯನ್ನು ಹತ್ತಿರದ ಅರ್ಧ ಬ್ಯಾಂಡಿಗೆ ತರುತ್ತಾರೆ, ಅದಕ್ಕೇ 6.5 ಆಯಿತು. ರೈಟಿಂಗ್‌ನಲ್ಲಿ ಅರ್ಧ ಬ್ಯಾಂಡ್ ಜಾಸ್ತಿ ಬಂದು 6 ಆಗಿದ್ದರೆ ಮೊತ್ತ 27, ಸರಾಸರಿ 6.75. ಅದನ್ನು ಮೇಲಕ್ಕೇ ಏರಿಸುತ್ತಾರೆ, ಅಂದರೆ ಒಟ್ಟು 7! ಮಗಳು ಎಲ್ಲೋ ಹಿಂದೆ ಉಳಿದಿದ್ದಾಳೆ ಅಂತ ನೀವು ಬರೆದಿದ್ದೀರಿ. ಇಲ್ಲ. ಏಳಕ್ಕೂ ಅವಳಿಗೂ ನಡುವೆ ಇರುವುದು ಒಂದೇ ವಿಭಾಗದ ಅರ್ಧ ಬ್ಯಾಂಡ್. ಇದನ್ನು ಅವಳಿಗೆ ಮೊದಲು ಹೇಳಿ.

ಇಂಗ್ಲಿಷಿನಲ್ಲೇ ಓದಿದವಳಿಗೆ ಪರೀಕ್ಷೆ ಯಾಕೆ ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅರ್ಜಿ ನೋಡುವವರ ಮೇಜಿನ ಮೇಲೆ ಹತ್ತಾರು ದೇಶಗಳ ಅಂಕಪಟ್ಟಿ ಇರುತ್ತವೆ. ಒಂದು ಕಡೆಯ ‘ಇಂಗ್ಲಿಷ್ ಮಾಧ್ಯಮ’ ಇನ್ನೊಂದು ಕಡೆಯದರಂತೆ ಇರುವುದಿಲ್ಲ. ಪುಸ್ತಕ ಇಂಗ್ಲಿಷಿನಲ್ಲಿದ್ದು, ಪಾಠ ಮನೆಮಾತಿನಲ್ಲಿ ನಡೆಯುವ ತರಗತಿಗಳು ಎಷ್ಟಿಲ್ಲ ಹೇಳಿ? ಎಲ್ಲರನ್ನೂ ಒಂದೇ ಕೋಲಿನಲ್ಲಿ ಅಳೆಯಲು ಈ ಪರೀಕ್ಷೆಗಳು ಬಂದವು. ಅಮೆರಿಕದ ಟೋಫೆಲ್ 1964ರಲ್ಲಿ ಶುರುವಾಯಿತು, ಐಇಎಲ್‌ಟಿಎಸ್ 1989ರಲ್ಲಿ. ಕೆಲವು ವಿಶ್ವವಿದ್ಯಾಲಯಗಳು ಓದಿದ ಕಾಲೇಜಿನಿಂದ ಮಾಧ್ಯಮದ ಪತ್ರ ತಂದರೆ ಪರೀಕ್ಷೆಯಿಂದ ವಿನಾಯಿತಿ ಕೊಡುತ್ತವೆ. ನಿಮ್ಮವರು ಕೊಡುತ್ತಾರಾ ಅಂತ ಒಂದು ಇಮೇಲ್ ಹಾಕಿ ಕೇಳಿ. ಕೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ.

ನಿಮ್ಮ ದೂರಿನಲ್ಲಿ ಒಂದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೈಗೆ ಬರುವ ಅಂಕಪಟ್ಟಿಯಲ್ಲಿ 5.5 ಅಂತ ಇರುತ್ತದೆ, ಅಷ್ಟೇ. ಯಾಕೆ ಐದೂವರೆ, ಎಲ್ಲಿ ತಪ್ಪಿತು, ಒಂದು ಸಾಲೂ ಇಲ್ಲ. ಬರೆದ ಉತ್ತರವನ್ನು ತಿರುಗಿ ನೋಡಲೂ ಆಗುವುದಿಲ್ಲ. ದುಡ್ಡು ಕಟ್ಟಿ, ವಾರಗಟ್ಟಲೆ ಓದಿ, ಕೊನೆಗೆ ಒಂದು ಸಂಖ್ಯೆ ಹಿಡಿದುಕೊಂಡು ಮನೆಗೆ ಬರಬೇಕು. ಆ ಅಂಕವೂ ಎರಡೇ ವರ್ಷ ನಡೆಯುತ್ತದೆ. ಕಲಿಯುವ ಮಕ್ಕಳಿಗೆ ಇದು ಅನ್ಯಾಯ. ತಪ್ಪು ಎಲ್ಲಿದೆ ಅಂತ ಗೊತ್ತಾಗದೆ ತಿದ್ದಿಕೊಳ್ಳುವುದು ಹೇಗೆ?

ಅದಕ್ಕೇ ನಾವೇ ಹುಡುಕಬೇಕು. ಪರೀಕ್ಷಕರು ಯಾವ ಅಳತೆ ಇಟ್ಟುಕೊಂಡು ನೋಡುತ್ತಾರೆ ಎಂಬುದು ಗುಟ್ಟೇನಲ್ಲ, ಅವರೇ ಪ್ರಕಟಿಸಿದ್ದಾರೆ. ನಾಲ್ಕು ವಿಷಯ, ನಾಲ್ಕಕ್ಕೂ ಸಮ ತೂಕ. ಕೇಳಿದ ಪ್ರಶ್ನೆಗೆ ಉತ್ತರ ಇದೆಯೇ? ಮಾತು ಒಂದರಿಂದ ಒಂದಕ್ಕೆ ಸರಾಗವಾಗಿ ಹೋಗುತ್ತದೆಯೇ? ಪದಗಳ ಬಳಕೆ ಹೇಗಿದೆ? ವ್ಯಾಕರಣ ಹೇಗಿದೆ? ಗಮನಿಸಿ, ವ್ಯಾಕರಣಕ್ಕೆ ಇರುವುದು ಕಾಲು ಭಾಗ ಮಾತ್ರ. ಮನೆಯಲ್ಲಿ ನಾವೆಲ್ಲ ಮಕ್ಕಳಿಗೆ ಹೇಳುವುದು ‘ಗ್ರಾಮರ್ ನೋಡ್ಕೋ’ ಅಂತ. ಮಕ್ಕಳು ಸೋಲುವುದು ಹೆಚ್ಚಾಗಿ ಮೊದಲನೆಯದರಲ್ಲಿ.

ಈಗ ಮಗಳ ಹಾಳೆಗೆ ಬರುತ್ತೇನೆ. ಎಲ್ಲ ಮಾಹಿತಿ ಇಂಟರ್‌ನೆಟ್‌ನಲ್ಲಿ ಸಿಗುವಾಗ ಸಾರ್ವಜನಿಕ ಗ್ರಂಥಾಲಯಗಳಿಗೆ ಹಣ ಖರ್ಚು ಮಾಡಬೇಕಾಗಿಲ್ಲ ಎಂಬ ಮಾತನ್ನು ನೀವು ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂಬುದು ಪ್ರಶ್ನೆ. ಅವಳು ಶುರು ಮಾಡಿರುವುದು ಹೀಗೆ: ‘ಇಂದಿನ ಆಧುನಿಕ ಯುಗದಲ್ಲಿ ತಂತ್ರಜ್ಞಾನವು ಮಾನವನ ಬದುಕಿನಲ್ಲಿ ಮಹತ್ವದ ಪಾತ್ರ ವಹಿಸುತ್ತಿದೆ. ಪ್ರತಿಯೊಂದು ನಾಣ್ಯಕ್ಕೂ ಎರಡು ಮುಖಗಳಿರುವಂತೆ ಇದಕ್ಕೂ ಅನುಕೂಲ, ಅನಾನುಕೂಲಗಳಿವೆ.’ ಆಮೇಲೆ ಅನುಕೂಲದ್ದೊಂದು ಪ್ಯಾರಾ, ಅನಾನುಕೂಲದ್ದೊಂದು ಪ್ಯಾರಾ. ಕೊನೆಗೆ ‘ಆದ್ದರಿಂದ ಸಮತೋಲನ ಅಗತ್ಯ’ ಎಂದು ಮುಗಿಸಿದ್ದಾಳೆ.

ಅವಳು ಇಂಗ್ಲಿಷಿನಲ್ಲಿ ಬರೆದ ಆ ವಾಕ್ಯಗಳಲ್ಲಿ ಒಂದು ತಪ್ಪೂ ಇಲ್ಲ. ಆದರೆ ಪ್ರಶ್ನೆ ಕೇಳಿದ್ದು ಅವಳು ಒಪ್ಪುತ್ತಾಳೋ ಇಲ್ಲವೋ ಅಂತ. ಗ್ರಂಥಾಲಯಕ್ಕೆ ಹಣ ಕೊಡಬೇಕೋ ಬೇಡವೋ ಅಂತ. ಇಡೀ ಹಾಳೆ ಹುಡುಕಿದರೂ ಅದಕ್ಕೆ ಉತ್ತರ ಸಿಗಲಿಲ್ಲ. ಬರೆದಿರುವುದು ಇಂಟರ್‌ನೆಟ್‌ನ ಸಾಧಕ ಬಾಧಕ. ಆ ಮೊದಲ ಎರಡು ವಾಕ್ಯಗಳನ್ನು ಮೊಬೈಲ್ ಬಗ್ಗೆ ಬರೆದರೂ ಅಂಟಿಸಬಹುದು, ಪರಿಸರದ ಬಗ್ಗೆ ಬರೆದರೂ ಸ್ವಲ್ಪ ತಿರುಗಿಸಿ ಅಂಟಿಸಬಹುದು. ಸಾವಿರಾರು ಉತ್ತರ ಓದುವ ಪರೀಕ್ಷಕರಿಗೆ ಇದು ಮೊದಲ ಸಾಲಿನಲ್ಲೇ ತಿಳಿದುಹೋಗುತ್ತದೆ. ನನಗೂ ತಿಳಿಯುತ್ತದೆ. ನಮ್ಮ ಪತ್ರಿಕೆಗೆ ಬರುವ ಎಷ್ಟೋ ಲೇಖನಗಳಲ್ಲಿ ಮೊದಲ ಎರಡು ಪ್ಯಾರಾ ತೆಗೆದರೆ ಮೂರನೆಯದರಿಂದ ಲೇಖನ ಶುರುವಾಗುತ್ತದೆ.

ಅದೇ ಹಾಳೆಯ ಹಿಂಬದಿಯಲ್ಲಿ, ಕೆಳಗಿನಿಂದ ನಾಲ್ಕನೇ ಸಾಲಿನಲ್ಲಿ, ಅವಳು ಇನ್ನೊಂದು ವಾಕ್ಯ ಬರೆದಿದ್ದಾಳೆ. ಒಂದೇ ಕೋಣೆಯ ಮನೆಯಲ್ಲಿ ನಾಲ್ಕು ಜನ ಇರುವ ಹುಡುಗನಿಗೆ ಇಂಟರ್‌ನೆಟ್ ಇದ್ದರೂ ಕೂತು ಓದಲು ಜಾಗ ಇರುವುದಿಲ್ಲ, ಗ್ರಂಥಾಲಯ ಅವನಿಗೆ ಕೊಡುವುದು ಪುಸ್ತಕವಲ್ಲ, ಒಂದು ಕುರ್ಚಿ. ಇದು ಅದರ ಅರ್ಥ. ಆ ವಾಕ್ಯದಲ್ಲಿ ಎರಡು ವ್ಯಾಕರಣ ತಪ್ಪಿವೆ. ಇರಲಿ. ಎರಡು ಹಾಳೆಯಲ್ಲೂ ಅವಳೇ ಯೋಚಿಸಿ ಬರೆದ ವಾಕ್ಯ ಅದೊಂದೇ. ನಾನು ಅದರ ಕೆಳಗೆ ಗೆರೆ ಎಳೆದಿದ್ದೇನೆ. ಅದು ಹಿಂಬದಿಯಲ್ಲಿ ಅಡಗಿ ಕೂರಬಾರದಿತ್ತು, ಮೊದಲ ಪ್ಯಾರಾದಲ್ಲೇ ಬರಬೇಕಿತ್ತು.

ಬಾಯಿಪಾಠದ ಪ್ರಶ್ನೆಗೆ ಇಲ್ಲಿಗೆ ಅರ್ಧ ಉತ್ತರ ಸಿಕ್ಕಿತು ಅಲ್ವಾ? ಉಳಿದರ್ಧ ಇನ್ನೂ ಗಟ್ಟಿ. ಉತ್ತರ ಪೂರ್ತಿ ಬಾಯಿಪಾಠದ್ದು ಎಂದು ಸಾಬೀತಾದರೆ ಐಇಎಲ್‌ಟಿಎಸ್‌ನಲ್ಲಿ ಸೊನ್ನೆ ಕೊಡಬಹುದು, ನಿಯಮದಲ್ಲೇ ಹಾಗಿದೆ. ಅಲ್ಲಲ್ಲಿ ಬಾಯಿಪಾಠದ ಸಾಲು ಸೇರಿಸಿದರೆ ಸೊನ್ನೆ ಬರುವುದಿಲ್ಲ, ಆದರೆ ಆ ಸಾಲುಗಳಿಂದ ಏನೂ ಗಿಟ್ಟುವುದಿಲ್ಲ. ಈ ಪ್ರಬಂಧಕ್ಕೆ ಇರುವ ಸಮಯ ಸುಮಾರು 40 ನಿಮಿಷ, ಬರೆಯಬೇಕಾದದ್ದು ಕನಿಷ್ಠ 250 ಪದ. ಅದರಲ್ಲಿ 40 ಪದ ನಾಣ್ಯದ ಎರಡು ಮುಖಕ್ಕೇ ಹೋದರೆ ಉಳಿಯುವುದೆಷ್ಟು? ದಯವಿಟ್ಟು ಪರಿಚಯದವರ ಮಾತು ಕೇಳಬೇಡಿ. ಬಾಯಿಪಾಠದಿಂದ ಒಳ್ಳೆಯ ಇಂಗ್ಲಿಷ್ ಇರುವ ಮಕ್ಕಳಿಗೇ ಜಾಸ್ತಿ ನಷ್ಟ.

ಎರಡನೇ ಹಾಳೆ ಗ್ರಾಫ್ ನೋಡಿ ಬರೆಯುವುದು. 20 ನಿಮಿಷ, ಕನಿಷ್ಠ 150 ಪದ. ಇದರ ತೂಕ ಪ್ರಬಂಧದ ಅರ್ಧ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಅವಳು ಗ್ರಾಫಿನಲ್ಲಿದ್ದ ಪ್ರತಿ ಸಂಖ್ಯೆಯನ್ನೂ ಒಂದೊಂದಾಗಿ ಬರೆದಿದ್ದಾಳೆ. ಒಟ್ಟಾರೆ ಏನಾಯಿತು, ಯಾವುದು ಏರಿತು, ಯಾವುದು ಇಳಿಯಿತು ಎಂಬ ಒಂದು ವಾಕ್ಯ ಇಲ್ಲ. ಆ ವಾಕ್ಯ ಬೇಕೇ ಬೇಕು. ಕಾರಣ ಊಹಿಸಿ ಬರೆಯುವುದು ಬೇಡ. ಅಲ್ಲಿ ಯಾರೂ ಕಾರಣ ಕೇಳಿಲ್ಲ.

ಇನ್ನು ತಪ್ಪುಗಳು. ಎರಡು ಹಾಳೆಯಲ್ಲಿ ಹದಿನಾಲ್ಕು ತಪ್ಪಿಗೆ ಗುರುತು ಹಾಕಿದೆ. ಒಂಬತ್ತು ‘ಎ’ ಮತ್ತು ‘ದಿ’ಗೆ ಸೇರಿದವು. ಇದು ಅಸಡ್ಡೆಯಲ್ಲ, ನಮ್ಮ ಭಾಷೆಯ ನೆರಳು. ‘ಪುಸ್ತಕ ತಂದೆ’ ಅಂದರೆ ನಮಗೆ ಅಲ್ಲಿಗೆ ಮುಗಿಯಿತು. ಇಂಗ್ಲಿಷ್ ಬಿಡುವುದಿಲ್ಲ. ಯಾವುದೋ ಒಂದು ಪುಸ್ತಕವೋ, ಆಗಲೇ ಹೇಳಿದ ಆ ಪುಸ್ತಕವೋ ಅಂತ ಪ್ರತಿ ಸಲ ತೀರ್ಮಾನ ಮಾಡಿಸುತ್ತದೆ. ಉಳಿದವುಗಳಲ್ಲಿ ಮೂರು, ‘ಅವನು’, ‘ಅವಳು’ ಬಂದಾಗ ಕ್ರಿಯಾಪದದ ಕೊನೆಗೆ ಬರಬೇಕಾದ ‘ಎಸ್’ ಬಿಟ್ಟದ್ದು. ಇದು ಒಳ್ಳೆಯ ಸುದ್ದಿ. ತಪ್ಪು ಹದಿನಾಲ್ಕಾದರೂ ಅವುಗಳಲ್ಲಿ ಹನ್ನೆರಡು ಎರಡೇ ಬಗೆಯವು. ಬರೆದು ಮುಗಿಸಿ ಕೊನೆಯ ಐದು ನಿಮಿಷ ಬರೀ ಇವೆರಡನ್ನೇ ಹುಡುಕುತ್ತಾ ಓದಲಿ, ಬೇರೇನನ್ನೂ ನೋಡುವುದು ಬೇಡ.

ಮತ್ತೆ ಬರೆಸಬೇಕೋ ಬೇರೆ ಪರೀಕ್ಷೆಗೆ ಹೋಗಬೇಕೋ ಎಂಬುದಕ್ಕೆ ದಾರಿ ಮೂರು ನಾಲ್ಕಿವೆ. ಮರುಮೌಲ್ಯಮಾಪನ ಕೇಳಬಹುದು. ಪರೀಕ್ಷೆಯ ದಿನದಿಂದ ಆರು ವಾರದೊಳಗೆ ಅರ್ಜಿ ಹಾಕಬೇಕು, ಅಂಕ ಬದಲಾದರೆ ಕಟ್ಟಿದ ಹಣ ವಾಪಸ್ ಬರುತ್ತದೆ. ಆದರೆ ಈ ಹಾಳೆಗಳನ್ನು ನೋಡಿದ ಮೇಲೆ ನಾನು ಅದರ ಮೇಲೆ ಆಸೆ ಇಟ್ಟುಕೊಳ್ಳುವುದಿಲ್ಲ. ಪರೀಕ್ಷೆಯಲ್ಲೂ ಇದೇ ರೀತಿ ಬರೆದಿದ್ದರೆ 5.5 ತಪ್ಪಲ್ಲ.

ನನಗೆ ಸರಿ ಕಾಣುವುದು ಒಂದೇ ವಿಭಾಗವನ್ನು ಮತ್ತೆ ಬರೆಯುವ ದಾರಿ. ಕಂಪ್ಯೂಟರಿನಲ್ಲಿ ಐಇಎಲ್‌ಟಿಎಸ್ ಬರೆದವರು 60 ದಿನದೊಳಗೆ ಯಾವುದಾದರೂ ಒಂದು ವಿಭಾಗವನ್ನು ಮಾತ್ರ ಇನ್ನೊಮ್ಮೆ ಬರೆಯಬಹುದು, ಉಳಿದ ಮೂರರ ಅಂಕ ಹಾಗೇ ಉಳಿಯುತ್ತದೆ. ಎಲ್ಲ ಕೇಂದ್ರಗಳಲ್ಲೂ ಈ ಸೌಲಭ್ಯ ಇಲ್ಲ, ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಒಪ್ಪುವುದಿಲ್ಲ. ಹಣ ಕಟ್ಟುವ ಮೊದಲು ವಿಶ್ವವಿದ್ಯಾಲಯದಿಂದ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಅವಕಾಶ ಒಂದೇ ಸಲ, ಆದ್ದರಿಂದ ನಾಳೆಯೇ ಓಡಬೇಡಿ. ಆರು ವಾರ ಬರೆದು ಪಳಗಲಿ, ಆಮೇಲೆ ಹೋಗಲಿ. ದಿನ ಎಣಿಸಿಕೊಂಡು ಸೀಟು ಮಾತ್ರ ಈಗಲೇ ನೋಡಿಟ್ಟುಕೊಳ್ಳಿ.

ಬೇರೆ ಪರೀಕ್ಷೆಗಳ ಸ್ವಭಾವ ಬೇರೆ, ಸುಲಭ ಅಂತೇನಲ್ಲ. ಪಿಟಿಇಯಲ್ಲಿ ಅಂಕ ಕೊಡುವುದು ಬಹುಪಾಲು ಕಂಪ್ಯೂಟರ್, ಅಳತೆ 10ರಿಂದ 90. ಟೋಫೆಲ್‌ನಲ್ಲಿ ಮೈಕ್ ಮುಂದೆ ಮಾತಾಡಬೇಕು, ಎದುರಿಗೆ ಮನುಷ್ಯರಿರುವುದಿಲ್ಲ. ಅದರ ಅಂಕದ ಅಳತೆಯೂ 2026ರ ಜನವರಿಯಿಂದ 1ರಿಂದ 6ಕ್ಕೆ ಬದಲಾಗಿದೆ. ಹಾಗಾಗಿ ಯಾರಾದರೂ ಹಳೆಯ ಟೋಫೆಲ್ ಪುಸ್ತಕ ಕೊಟ್ಟರೆ ಇಸವಿ ನೋಡಿ ತೆಗೆದುಕೊಳ್ಳಿ. ಡುಯೊಲಿಂಗೊ ಪರೀಕ್ಷೆ ಮನೆಯಲ್ಲೇ ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತದೆ. ಒಂದು ವಿಷಯ ಮರೆಯಬೇಡಿ: ವಿಶ್ವವಿದ್ಯಾಲಯ ಒಪ್ಪಿದ ಪರೀಕ್ಷೆಯನ್ನು ವೀಸಾ ಕೊಡುವವರೂ ಒಪ್ಪಬೇಕೆಂದಿಲ್ಲ. ಎರಡೂ ಕಡೆ ವಿಚಾರಿಸಿ. ಎದುರಿಗೆ ಕೂತವರ ಜೊತೆ ಮಾತಾಡಿ ಸ್ಪೀಕಿಂಗ್‌ನಲ್ಲಿ ಆರೂವರೆ ತಂದಿರುವ ಹುಡುಗಿಯನ್ನು, ಮೂರು ವಿಭಾಗ ಗೆದ್ದ ಮೇಲೆ, ಹೊಸ ಪರೀಕ್ಷೆಯ ಹೊಸ ರೀತಿಗೆ ಒಗ್ಗಿಸಲು ನಾನಾದರೆ ಹೋಗುವುದಿಲ್ಲ.

ಅವಳು ಮಂಕಾಗಿದ್ದಾಳೆ, ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದ್ದೀರಿ. ಅವಳಿಗೆ ಈ ಕಥೆ ಹೇಳಿ. ಕೇಂಬ್ರಿಜ್‌ನವರು ಇಂಗ್ಲಿಷ್ ಮನೆಮಾತಲ್ಲದವರಿಗೆ ಮೊದಲ ಪರೀಕ್ಷೆ ಇಟ್ಟಿದ್ದು 1913ರಲ್ಲಿ. ಎಲ್ಲ ಪತ್ರಿಕೆ ಸೇರಿ 12 ಗಂಟೆಯ ಪರೀಕ್ಷೆ. ಅನುವಾದ, ವ್ಯಾಕರಣ, ಉಚ್ಚಾರಣೆ, ಸಾಹಿತ್ಯ, ಪ್ರಬಂಧ, ಎಲ್ಲ ಇತ್ತು. ಕೂತವರು ಮೂರೇ ಜನ. ಮೂವರೂ ಫೇಲಾದರು. ಆದರೂ ಪರೀಕ್ಷೆ ನಿಲ್ಲಲಿಲ್ಲ, ಅದನ್ನು ಬರೆಯುವವರೂ ನಿಲ್ಲಲಿಲ್ಲ. ಆ ಪರೀಕ್ಷೆ ಇವತ್ತಿಗೂ ನಡೆಯುತ್ತಿದೆ.

ಆರು ವಾರದಲ್ಲಿ ಮಾಡಬೇಕಾದದ್ದು ಬಹಳ ಇಲ್ಲ. ದಿನಕ್ಕೊಂದು ಪ್ರಶ್ನೆ ತೆಗೆದುಕೊಳ್ಳಲಿ. ಬರೆಯುವ ಮೊದಲು ಅದಕ್ಕೆ ಬಾಯಲ್ಲಿ ನಿಮಗೆ ಉತ್ತರ ಹೇಳಲಿ, ಕನ್ನಡದಲ್ಲೇ ಆದರೂ ಪರವಾಗಿಲ್ಲ. ‘ಇಲ್ಲಮ್ಮ, ನಾನು ಒಪ್ಪಲ್ಲ, ಯಾಕಂದ್ರೆ...’ ಅಂತ ಶುರು ಮಾಡಿದರೆ ಸಾಕು. ನೀವು ಸುಮ್ನೆ ತಲೆಯಾಡಿಸಬೇಡಿ. ಯಾಕೆ ಅಂತ ಕೇಳಿ, ಯಾರಿಗೆ ಅಂತ ಕೇಳಿ, ಒಂದು ಉದಾಹರಣೆ ಕೊಡು ಅನ್ನಿ. ಆ ಮಾತೇ ಅವಳ ಪ್ರಬಂಧ. ಅದಕ್ಕೆ ನೀವು ಇಂಗ್ಲಿಷ್ ಬಲ್ಲವರಾಗಿರಬೇಕಾಗಿಲ್ಲ. ಎಷ್ಟೋ ದುಡ್ಡು ಕೊಟ್ಟರೂ ಇಷ್ಟು ಹೊತ್ತು ಕೂತು ಕೇಳುವವರು ಸಿಗುವುದಿಲ್ಲ. ಆಮೇಲೆ ಅವಳು ಗಡಿಯಾರ ಇಟ್ಟುಕೊಂಡು, ಪರೀಕ್ಷೆ ಯಾವ ರೀತಿ ಇರುತ್ತದೋ ಅದೇ ರೀತಿ, ಕೀಬೋರ್ಡಿನಲ್ಲೇ ಬರೆಯಲಿ. ವಾರಕ್ಕೆ ಒಂದನ್ನು ಇಂಗ್ಲಿಷ್ ಚೆನ್ನಾಗಿ ಬರೆಯುವ ಯಾರಾದರೂ ಓದಿ ಗುರುತು ಹಾಕಲಿ.

ಮೊದಲ ವಾರದ್ದನ್ನು ನಾನೇ ಓದುತ್ತೇನೆ. ಗ್ರಂಥಾಲಯದ ಪ್ರಶ್ನೆಗೇ ಅವಳು ಮತ್ತೊಮ್ಮೆ ಉತ್ತರ ಬರೆಯಲಿ. ಮೊದಲ ಸಾಲು ಆ ಹುಡುಗನ ಕುರ್ಚಿಯಿಂದ ಶುರುವಾಗಲಿ. ಹಾಳೆಗಳನ್ನು ಗುರುತು ಹಾಕಿ ಅಂಚೆಯಲ್ಲಿ ಹಿಂದಕ್ಕೆ ಕಳಿಸಿದ್ದೇನೆ. ಹೊಸದು ಬಂದ ವಾರದಲ್ಲೇ ತಿದ್ದಿ ಕಳಿಸುತ್ತೇನೆ.