ಮಾಗಿ ಚಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾರ್ತಿಕ ಕಳೆದು ಮಾರ್ಗಶಿರ ಹಿಡಿಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಚಳಿಯವೇ. ಮಲೆನಾಡಿನದು ಹಗಲಿಡೀ ಕಾಡುವ ಚಳಿಯಲ್ಲ. ಮಧ್ಯಾಹ್ನ ಸ್ವೆಟರು ಬಿಚ್ಚಿಸುವ ಬಿಸಿಲು, ಬೆಳಗಿನ ಜಾವ ಕಂಬಳಿ ಬಿಡಿಸದ ಥಂಡಿ, ಜೊತೆಗೆ ಇಬ್ಬನಿ. ಹಾಗಾಗಿ ಈ ಸಲದ ಉತ್ತರಗಳಲ್ಲಿ ಹೆಚ್ಚಿನವು ಯಾವುದನ್ನು ಎಷ್ಟು ಹೊತ್ತಿಗೆ ಮುಚ್ಚಬೇಕು, ಎಷ್ಟು ಹೊತ್ತಿಗೆ ತೆರೆಯಬೇಕು ಎಂಬುದರ ಸುತ್ತಲೇ ಇವೆ.

ನಮ್ಮ ಮನೆ ತೋಟದ ಮಗ್ಗುಲಲ್ಲಿ, ತಗ್ಗಿನಲ್ಲಿದೆ. ಅಕ್ಕನ ಮನೆ ಅಲ್ಲೇ ಗುಡ್ಡದ ಮೇಲೆ. ಎತ್ತರ ಹೋದಷ್ಟೂ ಚಳಿ ಅಂತಾರೆ. ಆದರೆ ಬೆಳಿಗ್ಗೆ ನಡುಕ ನಮ್ಮಲ್ಲೇ ಜಾಸ್ತಿ. ಯಾಕೆ? (ತೀರ್ಥಹಳ್ಳಿ)

ಎತ್ತರದ ಲೆಕ್ಕ ಸುಳ್ಳಲ್ಲ. ಸಾಮಾನ್ಯವಾಗಿ ನೂರು ಮೀಟರ್ ಏರಿದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ತಂಪು. ಆದರೆ ಮೋಡವಿಲ್ಲದ, ಗಾಳಿಯಾಡದ ಮಾಗಿಯ ರಾತ್ರಿಗಳಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಇಳಿಜಾರು ಹಿಡಿದು ನಿಮ್ಮ ತಗ್ಗಿಗೆ ಬಂದು ತುಂಬಿಕೊಳ್ಳುತ್ತದೆ. ಅಕ್ಕನ ಮನೆ ಆ ತಣ್ಣನೆ ಗಾಳಿಯ ಪದರಕ್ಕಿಂತ ಮೇಲಿರುತ್ತದೆ. ತೋಟದ ತೇವವೂ ಸೇರುವುದರಿಂದ ಮಂಜು ಮೊದಲು ಕಟ್ಟುವುದು ನಿಮ್ಮಲ್ಲೇ, ಕೊನೆಗೆ ಕರಗುವುದೂ ನಿಮ್ಮಲ್ಲೇ. ಮೋಡ ಕವಿದ ರಾತ್ರಿ ಗಮನಿಸಿ: ನೆಲದ ಕಾವು ಮೇಲೆ ಹೋಗಲು ಬಿಡದಂತೆ ಮೋಡ ತಡೆಯುತ್ತದೆ, ಆಗ ಎರಡೂ ಮನೆಯ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ.

ಮಾಡಬೇಕಾದ್ದು ಇಷ್ಟು. ಬೆಳಿಗ್ಗೆ ಒಂಬತ್ತೂವರೆಗೆ, ಮಂಜು ಹರಿದ ಮೇಲೆ, ಪೂರ್ವ ಮತ್ತು ದಕ್ಷಿಣದ ಕಿಟಕಿಗಳನ್ನೆಲ್ಲ ತೆರೆಯಿರಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯ ಒಳತನಕ ಬರುತ್ತದೆ. ಅಲ್ಲಿ ದಪ್ಪ ಪರದೆ ಹಾಕಿದ್ದರೆ ಹಗಲು ಸರಿಸಿಡಿ. ಸಂಜೆ ಐದಕ್ಕೆ, ನೆಲ ಇನ್ನೂ ಬೆಚ್ಚಗಿರುವಾಗಲೇ ಕಿಟಕಿ ಮುಚ್ಚಿ. ದೀಪ ಹಚ್ಚುವ ಹೊತ್ತಿಗೆ ಮುಚ್ಚಿದರೆ ತಡವಾಯಿತು, ಥಂಡಿ ಆಗಲೇ ಒಳಗಿರುತ್ತದೆ.

ಇನ್ನೊಂದು ಮಾತು. ಡಿಸೆಂಬರ್ 21-22ರ ಸುಮಾರಿಗೆ ರಾತ್ರಿ ಅತಿ ಉದ್ದ. ಹಾಗೆಂದು ಚಳಿ ಅಂದೇ ತುದಿ ಮುಟ್ಟುವುದಿಲ್ಲ. ನೆಲ ಕಳೆದುಕೊಳ್ಳುವ ಕಾವು ಗಳಿಸುವುದಕ್ಕಿಂತ ಇನ್ನೂ ಕೆಲವು ವಾರ ಹೆಚ್ಚೇ ಇರುವುದರಿಂದ ಸಂಕ್ರಾಂತಿಯ ಆಸುಪಾಸಿನ ಬೆಳಗುಗಳೇ ಹೆಚ್ಚು ಕೊರೆಯುವುದು. ಶಿವರಾತ್ರಿಗೆ ಶಿವಶಿವಾ ಎಂದು ಓಡುವವರೆಗೆ ಸ್ವೆಟರು ಪೆಟ್ಟಿಗೆಗೆ ಹಾಕಬೇಡಿ.

ಅತ್ತೆಗೆ ಎಂಬತ್ತು ದಾಟಿದೆ. ಹಳೆ ಮನೆಯಲ್ಲಿ ಮಂಚದ ಹತ್ತಿರ ಕೆಂಡದ ಬಾಣಲೆ ಇಡುತ್ತಿದ್ದರಂತೆ, ಈಗಲೂ ಬೇಕು ಅಂತಾರೆ. ಈಗಿನದು ಆರ್‌ಸಿಸಿ ಮನೆ. ಹೊಗೆ ಬಾರದ ಇದ್ದಿಲು ತಂದರೆ ಆದೀತೇ? (ಹೊಸನಗರ)

ಬೇಡ. ಹೊಗೆ ಇಲ್ಲದ ಕೆಂಡವೇ ಹೆಚ್ಚು ಅಪಾಯ, ಏಕೆಂದರೆ ಅದು ಎಚ್ಚರಿಸುವುದಿಲ್ಲ. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರು ನಿದ್ದೆಯಲ್ಲೇ ಎಚ್ಚರ ತಪ್ಪುತ್ತಾರೆ.

ಹಳೆ ಮನೆಯಲ್ಲಿ ನಡೆಯುತ್ತಿತ್ತಲ್ಲ ಎಂದು ಅತ್ತೆಯವರು ಕೇಳಿದರೆ ಅದಕ್ಕೂ ಕಾರಣವಿದೆ. ಹಂಚಿನ ಮಾಡಿನಲ್ಲಿ ಹಂಚು ಹಂಚಿನ ನಡುವೆ ಸಂದು, ಬಾಗಿಲ ಕೆಳಗೆ ಸಂದು, ಗೋಡೆಗೂ ಮಾಡಿಗೂ ನಡುವೆ ಅಂಗೈ ಅಗಲದ ಜಾಗ. ಬಿಸಿಯಾದ ಗಾಳಿ ಮೇಲೇರಿ ತನ್ನಷ್ಟಕ್ಕೆ ಹೊರಹೋಗುತ್ತಿತ್ತು. ತಾರಸಿ ಮನೆಯಲ್ಲಿ, ಗಾಜಿನ ಕಿಟಕಿ ಬಿಗಿದ ಕೋಣೆಯಲ್ಲಿ ಅದಕ್ಕೆ ದಾರಿಯೇ ಇಲ್ಲ. ಅದೇ ಕಾರಣಕ್ಕೆ, ಕಿಂಡಿಯಿಲ್ಲದ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಈ ಚಳಿಯಲ್ಲೇ ಹೊರಗೋಡೆಗೆ ಸಾಗಿಸಿ. ಬೆಂಕಿ ಕಾಯಿಸಲೇಬೇಕೆಂದರೆ ಅಂಗಳದಲ್ಲಿ, ಇಲ್ಲವೇ ತೆರೆದ ಜಗಲಿಯಲ್ಲಿ ಕಾಯಿಸಿ. ತಲೆನೋವು, ತಲೆಸುತ್ತು, ವಾಕರಿಕೆ ಒಟ್ಟಿಗೆ ಕಾಣಿಸಿದರೆ ಪಿತ್ತವಾಯಿತೆಂದು ಕೂರಬೇಡಿ. ಎಲ್ಲರನ್ನೂ ಹೊರಗಿನ ಗಾಳಿಗೆ ತಂದು ನೇರ ಆಸ್ಪತ್ರೆಗೆ ಹೋಗಿ.

ಅತ್ತೆಯವರನ್ನು ಬೆಚ್ಚಗಿಡುವ ಬಗೆ ಬೇರೆ ಇದೆ. ಹೆಚ್ಚಿನವರು ಮೇಲೆ ಮೂರು ಹೊದಿಕೆ ಹಾಕಿ ಕೆಳಗೆ ತೆಳು ಹಾಸಿಗೆ ಬಿಡುತ್ತಾರೆ. ಮೈಭಾರಕ್ಕೆ ಹತ್ತಿ ಒತ್ತಿಹೋಗಿ ಕಾವು ಕೆಳಗಿನಿಂದಲೇ ಸೋರುತ್ತದೆ. ಒಂದು ಕಂಬಳಿಯನ್ನು ಹಾಸಿಗೆಯ ಮೇಲೆ, ಮೇಲುಹಾಸಿನ ಬಟ್ಟೆಯ ಕೆಳಗೆ ಹಾಸಿ. ತಲೆಗೆ ಉಣ್ಣೆ ಟೋಪಿ, ಕಾಲಿಗೆ ಸಡಿಲವಾದ ಕಾಲುಚೀಲ. ಬಿಸಿನೀರಿನ ರಬ್ಬರ್ ಚೀಲವನ್ನು ಮಲಗುವ ಅರ್ಧ ಗಂಟೆ ಮುಂಚೆ ಹಾಸಿಗೆಯೊಳಗೆ ಇಡಿ. ಕುದಿಯುವ ನೀರು ಬೇಡ, ಮೂರರಲ್ಲಿ ಎರಡು ಪಾಲು ತುಂಬಿ, ಗಾಳಿ ಒತ್ತಿ ತೆಗೆದು ಮುಚ್ಚಳ ಬಿಗಿದು, ಟವೆಲ್ ಸುತ್ತಿ. ಅವರು ಮಲಗುವಾಗ ಚೀಲ ತೆಗೆದುಬಿಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟದ್ದು ಬೆಳಿಗ್ಗೆಯೇ ಗೊತ್ತಾಗುವುದು. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುವುದರಿಂದ ನಸುಕಿನ ಸ್ನಾನವನ್ನೂ ವಾಕಿಂಗನ್ನೂ ಬಿಸಿಲೇರಿದ ಮೇಲಕ್ಕೆ ಹಾಕಿ. ಧನುರ್ಮಾಸದ ಪೂಜೆಗೆ ನಸುಕಿನಲ್ಲೇ ಮೀಯಬೇಕೆಂದು ಹಟ ಹಿಡಿದರೆ ಬಚ್ಚಲಿಗೆ ಮೊದಲು ಹಂಡೆಯ ಬಿಸಿನೀರು ನಾಲ್ಕು ಚೊಂಬು ಚೆಲ್ಲಿ ನೆಲ ಬೆಚ್ಚಗೆ ಮಾಡಿ, ಅಲ್ಲೇ ಮೈ ಒರೆಸಿ ಬಟ್ಟೆ ಹಾಕಿಸಿ ಹೊರಗೆ ಕರೆತನ್ನಿ.

ತೆಂಗಿನೆಣ್ಣೆ ಬಾಟಲಿಯಲ್ಲಿ ಕಲ್ಲಾಗಿದೆ. ಕಲಬೆರಕೆಯೇ? (ಶಿವಮೊಗ್ಗ)

ಅಲ್ಲ. ಶುದ್ಧ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಲೇಬೇಕು. ಕೊರೆಯುವ ಚಳಿಯಲ್ಲೂ ನೀರಿನಂತೇ ಇದ್ದರೆ ಆಗ ಅನುಮಾನಿಸಿ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದರೆ ಕರಗುತ್ತದೆ, ಒಲೆಯ ಮೇಲಿಡಬೇಡಿ. ಬಾಯಗಲದ ಡಬ್ಬಿಗೆ ಹಾಕಿಟ್ಟುಕೊಂಡರೆ ಚಮಚದಲ್ಲೇ ತೆಗೆಯಬಹುದು.

ಮೊಸರು ಹೆಪ್ಪಾಗುತ್ತಿಲ್ಲ, ದೋಸೆ ಹಿಟ್ಟು ಉಬ್ಬುತ್ತಿಲ್ಲ. ಎರಡಕ್ಕೂ ಪರಿಹಾರ ತಿಳಿಸಿ. (ಸಾಗರ)

ಎರಡರಲ್ಲೂ ಕೆಲಸ ಮಾಡುವ ಜೀವಿಗಳಿಗೆ ಬೇಕಾದ್ದು ಕಾವು. ಆದರೆ ಒಂದೇ ಕಾವಲ್ಲ.

ಮೊಸರಿಗೆ ಹಾಲು ಕಾಯಿಸಿ 40ರಿಂದ 45 ಡಿಗ್ರಿಗೆ ಇಳಿಸಿ. ಕಿರುಬೆರಳು ಅದ್ದಿದರೆ ಬಿಸಿ ಗೊತ್ತಾಗಬೇಕು, ಹತ್ತು ಎಣಿಸುವತನಕ ಇಡಲು ಆಗಬೇಕು. ಬೇಸಿಗೆಯ ಅಭ್ಯಾಸದಂತೆ ಉಗುರುಬೆಚ್ಚಗಾಗುವತನಕ ಕಾದರೆ ರಾತ್ರಿಯ ಚಳಿಗೆ ಅದು ಗಂಟೆಯೊಳಗೆ ತಣ್ಣಗಾಗುತ್ತದೆ. ಲೀಟರಿಗೆ ಬೇಸಿಗೆಯಲ್ಲಿ ಒಂದು ಟೀ ಚಮಚ ಹೆಪ್ಪು ಸಾಕಾದರೆ ಈಗ ಒಂದು ಊಟದ ಚಮಚ ಹಾಕಿ. ಹೆಪ್ಪು ಫ್ರಿಜ್ಜಿನದಾದರೆ ಅರ್ಧ ಗಂಟೆ ಮುಂಚೆ ಹೊರಗಿಡಿ. ಹೆಪ್ಪನ್ನು ನಾಲ್ಕೈದು ಚಮಚ ಸುರಿದರೆ ಬೇಗ ಆಗುತ್ತದೆಂಬುದು ತಪ್ಪು ಲೆಕ್ಕ. ಹುಳಿಯಾಗಿ ನೀರೊಡೆಯುತ್ತದೆ. ತೆಳು ಸ್ಟೀಲ್ ಪಾತ್ರೆಗಿಂತ ಭರಣಿ ಒಳ್ಳೆಯದು. ದಪ್ಪ ಬಟ್ಟೆ ಸುತ್ತಿ ಅಕ್ಕಿ ಡಬ್ಬಿಯೊಳಗೆ ಕೂರಿಸಿ, ಇಲ್ಲವೇ ಆರುತ್ತಿರುವ ಒಲೆಯ ಕಟ್ಟೆಯ ಮೇಲಿಡಿ. ಒಮ್ಮೆ ಇಟ್ಟ ಮೇಲೆ ಆಯಿತೇ ಎಂದು ಅಲ್ಲಾಡಿಸಿ ನೋಡುವ ಚಪಲ ಬಿಡಿ.

ಹಿಟ್ಟಿಗೆ ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು, ಒಂದು ಟೀ ಚಮಚ ಮೆಂತ್ಯ. ಎಂಟು ಗಂಟೆ ನೆನೆಯಲಿ. ರುಬ್ಬುವಾಗ ಕೊಡದ ತಣ್ಣೀರು ಬೇಡ, ಬೆಚ್ಚನೆ ನೀರು ಹಾಕಿ. ಕೈಯಿಂದ ಎರಡು ನಿಮಿಷ ಕಲಸಿ. ಉಪ್ಪು ಹುದುಗನ್ನು ನಿಧಾನಿಸುತ್ತದೆ, ಬೆಳಿಗ್ಗೆ ಹಾಕಿದರಾಯಿತು. ಪಾತ್ರೆಯನ್ನು ಅರ್ಧ ಮಾತ್ರ ತುಂಬಿ, ಬೆಚ್ಚನೆ ನೀರಿರುವ ಇನ್ನೊಂದು ಅಗಲ ಪಾತ್ರೆಯೊಳಗಿಟ್ಟು ಟವೆಲ್ ಮುಚ್ಚಿ. ಬಚ್ಚಲೊಲೆ ಇರುವ ಮನೆಯಲ್ಲಿ ಅದರ ಪಕ್ಕದ ಗೂಡೇ ಸಾಕು. ಹನ್ನೆರಡರಿಂದ ಹದಿನಾರು ಗಂಟೆ ಬೇಕಾಗುವುದರಿಂದ ಬೆಳಗಿನ ತಿಂಡಿಗೆ ಹಿಂದಿನ ಸಂಜೆ ನಾಲ್ಕಕ್ಕೇ ರುಬ್ಬಿರಬೇಕು. ಆದರೂ ಉಬ್ಬದಿದ್ದರೆ ಸೋಡಾ ಹಾಕಿ ಕೆಡಿಸುವ ಬದಲು ಅದನ್ನು ಮಧ್ಯಾಹ್ನದವರೆಗೆ ಬಿಸಿಲ ಬಳಿ ಬಿಡಿ, ತಿಂಡಿಗೆ ನೀರುದೋಸೆ ಹೊಯ್ಯಿರಿ. ಚಳಿಗೆ ಮಣಿಯದ ದೋಸೆ ಅದೊಂದೇ.

ಬೇಯಿಸಿದ ಅಡಿಕೆಗೆ ರಾತ್ರಿ ಇಬ್ಬನಿ ಬೀಳದಂತೆ ಟಾರ್ಪಾಲ್ ಹೊದಿಸುತ್ತೇವೆ. ಆದರೂ ಬೂಷ್ಟು ಹಿಡಿಯುತ್ತದೆ. (ಕೊಪ್ಪ)

ಬೂಷ್ಟು ಬರುತ್ತಿರುವುದು ಟಾರ್ಪಾಲಿನಿಂದಲೇ. ಚೊಗರಿನಿಂದ (ಅಡಿಕೆ ಬೇಯಿಸುವ ಕೆಂಪು ನೀರಿನಿಂದ) ತೆಗೆದ ಹಸಿ ಅಡಿಕೆ ರಾತ್ರಿಯೂ ತೇವ ಬಿಡುತ್ತಿರುತ್ತದೆ. ಪ್ಲಾಸ್ಟಿಕ್ ಹಾಳೆ ಆಕಾಶಕ್ಕೆ ಕಾವು ಬಿಟ್ಟು ತಣ್ಣಗಾದಾಗ ಆ ತೇವ ಹಾಳೆಯ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಅಡಿಕೆಗೇ ಬೀಳುತ್ತದೆ. ಹೊರಗಿನ ಇಬ್ಬನಿ ತಪ್ಪಿಸಿ ಒಳಗೊಂದು ಇಬ್ಬನಿ ಮಾಡಿದಂತಾಯಿತು.

ಮೊದಲ ಎರಡು ಮೂರು ರಾತ್ರಿ ಅಡಿಕೆಯನ್ನು ಮಾಡಿನ ಕೆಳಗೆ, ಜಗಲಿಯಲ್ಲೋ ಕೊಟ್ಟಿಗೆಯ ಅಟ್ಟದಲ್ಲೋ ತೆಳ್ಳಗೆ ಹರವಿ. ರಾಶಿ ಬೇಡವೇ ಬೇಡ. ಜಾಗವಿಲ್ಲದೆ ಚಪ್ಪರದಲ್ಲೇ ಬಿಡಬೇಕಾದರೆ ಹಾಳೆಯನ್ನು ಅಡಿಕೆಗೆ ತಾಗಿಸಬೇಡಿ. ಬಿದಿರಿನ ಗಳ ಕಟ್ಟಿ ಒಂದೂವರೆ ಅಡಿ ಮೇಲೆ, ಒಂದು ಬದಿಗೆ ಇಳಿಜಾರಾಗಿ ಎಳೆಯಿರಿ. ನಾಲ್ಕೂ ಬದಿ ತೆರೆದಿರಲಿ, ಗಾಳಿಯಾಡಲಿ. ಹನಿ ಕಟ್ಟಿದರೂ ಇಳಿಜಾರಿನಲ್ಲಿ ಅಂಚಿಗೆ ಜಾರುತ್ತದೆ. ಹೊರಮೈ ಒಣಗಿ, ಮುಷ್ಟಿಯಲ್ಲಿ ಹಿಡಿದು ಕುಲುಕಿದರೆ ಕಟಕಟ ಸದ್ದು ಬರತೊಡಗಿದ ಮೇಲೆ ರಾಶಿ ಮಾಡಿ ಮುಚ್ಚಬಹುದು. ಬೆಳಿಗ್ಗೆ ಇಬ್ಬನಿ ಆರುವ ಮುನ್ನ ಹರವಬೇಡಿ. ಸಂಜೆ ಬಿಸಿಲು ಪೂರ್ತಿ ಇಳಿಯುವ ಮೊದಲೇ ಒಳಗೆ ತನ್ನಿ. ಅಂಗಳಕ್ಕೆ ನೇರ ಹರವಿದ್ದಕ್ಕಿಂತ ತಟ್ಟಿಯ ಮೇಲಿನದು ಬೇಗ ಒಣಗುವುದು ಕೆಳಗಿನಿಂದಲೂ ಗಾಳಿ ಸಿಗುವುದರಿಂದ.

ದನಗಳಿಗೆ ಬೆಚ್ಚಗಿರಲೆಂದು ಕಾಡಿನಿಂದ ದರಕು (ಒಣಗಿದ ಎಲೆ) ತಂದು ಕೊಟ್ಟಿಗೆಗೆ ಹಾಸುತ್ತೇವೆ. ಮಂಗನ ಕಾಯಿಲೆಯ ಭಯ. ಏನು ಎಚ್ಚರಿಕೆ? (ಸೊರಬ)

ಭಯ ಸರಿಯಾದದ್ದೇ. 1957ರಲ್ಲಿ ಈ ಕಾಯಿಲೆ ಮೊದಲು ಗುರುತಾದದ್ದು ನಿಮ್ಮದೇ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತನಕ ಇದರ ಕಾಲ. ರೋಗ ಹರಡುವ ಉಣುಗಿನ ಮರಿಗಳು ಒಣಗಿದ ಎಲೆಯಲ್ಲಿ ಇರುವುದು ಈ ತಿಂಗಳುಗಳಲ್ಲೇ, ಅವು ಕಣ್ಣಿಗೆ ಸುಲಭವಾಗಿ ಬೀಳದಷ್ಟು ಸಣ್ಣವು. ಸಾಧ್ಯವಿದ್ದರೆ ಈ ಕಾಲದಲ್ಲಿ ಕಾಡಿನ ದರಕು ಬಿಟ್ಟು ಭತ್ತದ ಹುಲ್ಲು, ಅಡಿಕೆ ಸಿಪ್ಪೆ ಹಾಸಿ. ತರಲೇಬೇಕೆಂದರೆ ಮಂಗ ಸತ್ತ ಜಾಗದ ಹತ್ತಿರಕ್ಕೂ ಹೋಗಬೇಡಿ. ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗು ಹತ್ತಿರ ಬಾರದಂತೆ ತಡೆಯುವ ಡೆಪಾ ಎಣ್ಣೆಯನ್ನು ಹೊರಡುವ ಮುಂಚೆ ಕೈಕಾಲು, ಕುತ್ತಿಗೆಗೆ ಹಚ್ಚಿ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು ಇರಲಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ತಿಕ್ಕಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ದರಕಿನ ರಾಶಿಯ ಮೇಲೆ ಕೂತು ಬಿಸಿಲು ಕಾಯಿಸುವ ಸುಖವೂ ಈ ಕಾಲಕ್ಕೆ ಬೇಡ. ಕಾಡಿಗೆ ಹೋಗಿ ಬಂದ ವಾರದೊಳಗೆ ದಿಢೀರ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಚಳಿಜ್ವರವೆಂದು ಮಾತ್ರೆ ನುಂಗಿ ಮಲಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ಬಾಯಿಬಿಟ್ಟು ಹೇಳಿ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಮನೆಯವರು ದೂರ ಸರಿಯಬೇಕಿಲ್ಲ.

ಹಿಮ್ಮಡಿ ಒಡೆದು ರಕ್ತ ಬರುತ್ತಿದೆ. ಮುರುಗಲು ತುಪ್ಪ ಒಳ್ಳೆಯದೇ, ಕ್ರೀಮು ಒಳ್ಳೆಯದೇ? (ತೀರ್ಥಹಳ್ಳಿ)

ಮುರುಗಲು ಬೀಜದಿಂದ ತೆಗೆದ ಆ ತುಪ್ಪವನ್ನೇ ಹಚ್ಚಿ, ಆದರೆ ಒಣ ಕಾಲಿಗೆ ಹಚ್ಚಿ ಪ್ರಯೋಜನವಿಲ್ಲ. ತುಪ್ಪ ತೇವ ಕೊಡುವುದಿಲ್ಲ, ಇದ್ದ ತೇವವನ್ನು ಹಿಡಿದಿಡುತ್ತದೆ. ರಾತ್ರಿ ಉಗುರುಬೆಚ್ಚನೆ ನೀರಿನಲ್ಲಿ ಹದಿನೈದು ನಿಮಿಷ ಪಾದ ಇಟ್ಟು, ಸತ್ತ ಚರ್ಮವನ್ನು ಮೆಲ್ಲಗೆ ಉಜ್ಜಿ, ನೀರು ಒತ್ತಿ ತೆಗೆದ ತಕ್ಷಣ ಹಚ್ಚಿ ಕಾಲುಚೀಲ ಹಾಕಿ. ರಕ್ತ ಬರುವ ಸೀಳನ್ನು ಉಜ್ಜಬೇಡಿ. ತುಪ್ಪ ಗಟ್ಟಿಯಾಗಿದ್ದರೆ ಸೌಟಿನಲ್ಲಿ ಬಿಸಿ ಮಾಡಿಕೊಳ್ಳಿ. ಸ್ನಾನಕ್ಕೆ ಹಂಡೆಯ ಸುಡುನೀರು ಹೊಯ್ದುಕೊಂಡರೆ ಮೈಯ ಜಿಡ್ಡೆಲ್ಲ ಹೋಗುತ್ತದೆ, ಆಮೇಲೆ ಎಷ್ಟು ಹಚ್ಚಿದರೂ ಸಾಲದು. ಸಕ್ಕರೆ ಕಾಯಿಲೆ ಇದ್ದರೆ ಈ ಮನೆಮದ್ದು ಬಿಟ್ಟು ವೈದ್ಯರಿಗೆ ತೋರಿಸಿ.

ಕಂಬಳಿಯನ್ನು ವಾಷಿಂಗ್ ಮೆಷಿನ್ನಿಗೆ ಹಾಕಬಹುದೇ? (ಭದ್ರಾವತಿ)

ಹಾಕಿದರೆ ಅರ್ಧಕ್ಕರ್ಧ ಕುಗ್ಗಿ ಹೊರಬರುತ್ತದೆ. ಬಿಸಿನೀರು ಮತ್ತು ತಿರುಚುವಿಕೆ ಎರಡೂ ಉಣ್ಣೆಗೆ ಆಗದು. ತಣ್ಣೀರು, ಅಂಟುವಾಳದ ನೊರೆ, ಹಿಂಡದೆ ಒತ್ತಿ ನೀರು ಬಸಿದು, ನೆರಳಿನಲ್ಲಿ ಹರವಿ ಒಣಗಿಸಿ. ಅದೂ ವರ್ಷಕ್ಕೊಮ್ಮೆ ಸಾಕು. ಮಿಕ್ಕಂತೆ ವಾರಕ್ಕೊಮ್ಮೆ ಹನ್ನೊಂದರಿಂದ ಮೂರರ ಬಿಸಿಲಿಗೆ ಹಾಕಿ ಕೊಡವಿ. ಉಣ್ಣೆ ತನ್ನ ತೂಕದ ಕಾಲು ಭಾಗಕ್ಕೂ ಹೆಚ್ಚು ತೇವ ಕುಡಿದರೂ ಒದ್ದೆ ಅನಿಸುವುದಿಲ್ಲ. ನಮ್ಮ ಇಬ್ಬನಿಯ ಊರಿಗೆ ಹತ್ತಿಯ ರಜಾಯಿಗಿಂತ ಅದು ಒಗ್ಗುವುದು ಇದಕ್ಕೇ.

ಜನವರಿಯಲ್ಲಿ ಬೆಂಗಳೂರಿನಿಂದ ನೆಂಟರು ಬರುತ್ತಾರೆ. ಆಗುಂಬೆ ಕಡೆ ಮಂಜು ತೋರಿಸಬೇಕು. ಯಾವ ಹೊತ್ತಿಗೆ ಹೋಗೋಣ? ಗಾಡಿ ಓಡಿಸುವುದು ಹೇಗೆ? (ಶಿವಮೊಗ್ಗ)

ಮಂಜನ್ನು ಒಳಗಿನಿಂದ ನೋಡಿದರೆ ಬಿಳಿ ಗೋಡೆ, ಮೇಲಿನಿಂದ ನೋಡಬೇಕು. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಆಗುಂಬೆ ಹತ್ತಿರದ ಕುಂದಾದ್ರಿ ಬೆಟ್ಟದ ಮೇಲಿರಿ, ಬಸದಿಯ ಹತ್ತಿರದವರೆಗೆ ರಸ್ತೆ ಇದೆ. ಹಿಂದಿನ ರಾತ್ರಿ ನಕ್ಷತ್ರ ಸ್ಪಷ್ಟವಾಗಿ ಕಂಡು, ಗಾಳಿ ಇಲ್ಲದಿದ್ದರೆ ಕಣಿವೆ ತುಂಬಿರುವ ಸಾಧ್ಯತೆ ಹೆಚ್ಚು. ಮೋಡವಿದ್ದರೆ ನೆಂಟರನ್ನು ಮಲಗಲು ಬಿಡಿ. ಆಗುಂಬೆಯ ಸೂರ್ಯಾಸ್ತಕ್ಕೂ ಇದೇ ಒಳ್ಳೆಯ ಕಾಲ, ಗಾಳಿ ತಿಳಿಯಾಗಿದ್ದರೆ ಅರಬ್ಬಿ ಸಮುದ್ರದ ಅಂಚು ಕಾಣುತ್ತದೆ.

ಮಂಜಿನಲ್ಲಿ ಹೈ ಬೀಮ್ ಹಾಕಬೇಡಿ, ಬೆಳಕು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಲೋ ಬೀಮ್, ಇದ್ದರೆ ಫಾಗ್ ಲ್ಯಾಂಪ್. ಎಡಬದಿಯ ಬಿಳಿ ಗೆರೆ ಹಿಡಿದು ಹೋಗಿ. ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗ ಮೀರಬೇಡಿ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಿದರೆ ಹಿಂದಿನವರಿಗೆ ನೀವು ತಿರುಗುವುದು ತಿಳಿಯದು, ನಿಲ್ಲಿಸಿದಾಗ ಮಾತ್ರ ಹಾಕಿ. ಮುಂದಿನ ಗಾಜು ಒಳಗಿನಿಂದ ಮಬ್ಬಾದರೆ ಬಟ್ಟೆಯಲ್ಲಿ ಒರೆಸುತ್ತಾ ಓಡಿಸಬೇಡಿ. ಏಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಹೊರಗಾಳಿ ಒಳಬರುವ ಗುಂಡಿ ಒತ್ತಿ. ಏಸಿ ತೇವ ಹೀರುವುದರಿಂದ ಚಳಿಯಲ್ಲೂ ಅದೇ ಬೇಕು, ಬೇಕಿದ್ದರೆ ಜೊತೆಗೆ ಬಿಸಿ ತಿರುಗಿಸಿಕೊಳ್ಳಿ.

ಫ್ಲಾಸ್ಕಿನಲ್ಲಿ ಕಷಾಯ ಒಯ್ಯುವುದಾದರೆ ಹೀಗೆ ಮಾಡಿ. ಕೊತ್ತಂಬರಿ ಬೀಜ ನಾಲ್ಕು ಚಮಚ, ಜೀರಿಗೆ ಎರಡು, ಕಾಳುಮೆಣಸು ಅರ್ಧ, ಮೆಂತ್ಯ ಕಾಲು ಚಮಚ ಹುರಿದು ಪುಡಿ ಮಾಡಿ. ನಾಲ್ಕು ಲೋಟ ನೀರಿಗೆ ನಾಲ್ಕು ಟೀ ಚಮಚ ಪುಡಿ ಹಾಕಿ ಐದು ನಿಮಿಷ ಕುದಿಸಿ, ಹಾಲು ಒಂದು ಲೋಟ ಸೇರಿಸಿ ಇಳಿಸಿ. ಬೆಲ್ಲ ಒಲೆಯಿಂದ ಕೆಳಗಿಳಿಸಿದ ಮೇಲೆ ಹಾಕಿ. ಕುದಿಯುವಾಗ ಹಾಕಿದರೆ ಹಾಲು ಒಡೆದು ಕುಂದಾದ್ರಿಯ ಮೇಲೆ ನೆಂಟರಿಗೆ ಮೊಸರುಗಟ್ಟಿದ ಕಷಾಯ ಕೊಡಬೇಕಾದೀತು.