ಎಂಟು ಮೂಲೆಯ ಮನೆ ಅರ್ಧಕ್ಕೆ ನಿಂತದ್ದು ಏಕೆ?

ಪ್ರಶ್ನೆ: ಅಮೆರಿಕದ ಮಿಸಿಸಿಪಿ ರಾಜ್ಯದ ನ್ಯಾಚೆಜ್ ಊರಿನಲ್ಲಿರುವ ಲಾಂಗ್‌ವುಡ್ ಎಂಬ ಎಂಟು ಮೂಲೆಯ ಬಂಗಲೆಯ ಚಿತ್ರ ನೋಡಿದೆ. ಹೊರಗಿನಿಂದ ಅರಮನೆ, ಮಹಡಿಗಳ ಒಳಗೆ ಬರೀ ಇಟ್ಟಿಗೆ, ಮರದ ತೊಲೆ. ಹಣವಂತನೊಬ್ಬನ ಹುಚ್ಚಿಗೆ ಹುಟ್ಟಿದ ಆಕಾರವೇ ಇದು? ಅರ್ಧಕ್ಕೆ ನಿಂತದ್ದೇಕೆ?

ಉತ್ತರ: ಆಕಾರವನ್ನು ಹುಚ್ಚು ಎನ್ನಬೇಡಿ. ಮನೆಗಳ ನಕ್ಷೆ ಬರೆಯುವುದು ನನ್ನ ಕಸುಬು, ಹಾಗಾಗಿ ಈ ಮಾತು ಕೇಳಿದರೆ ಸುಮ್ಮನಿರಲಾಗುವುದಿಲ್ಲ. ಎಂಟು ಮೂಲೆಯ ಹಿಂದೆ ಒಂದು ಲೆಕ್ಕವಿತ್ತು, ಅದೂ ಬಡವರಿಗೆಂದು ಹಾಕಿದ ಲೆಕ್ಕ.

ಆ ಲೆಕ್ಕವನ್ನು ಊರೂರಿಗೆ ಮುಟ್ಟಿಸಿದವನು ಆರ್ಸನ್ ಫೌಲರ್. ತಲೆಬುರುಡೆಯ ಉಬ್ಬುತಗ್ಗು ಮುಟ್ಟಿ ನೋಡಿ ಸ್ವಭಾವ ಹೇಳುತ್ತಿದ್ದ ಭಾಷಣಕಾರ, ವಾಸ್ತುಶಿಲ್ಪ ಕಲಿತವನಲ್ಲ. 1848ರಲ್ಲಿ ಅವನು ಎಂಟು ಮೂಲೆಯ ಮನೆಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಅವನ ವಾದವನ್ನು ನೀವೇ ಕಾಗದದ ಮೇಲೆ ಪರೀಕ್ಷಿಸಬಹುದು. 160 ಅಡಿ ಉದ್ದದ ಗೋಡೆ ಕಟ್ಟುವಷ್ಟು ಸಾಮಗ್ರಿ ಇದೆ ಎನ್ನಿ. ಚೌಕ ಕಟ್ಟಿದರೆ ಪ್ರತಿ ಬದಿ 40 ಅಡಿ, ಒಳಗೆ 1,600 ಚದರ ಅಡಿ. ಅದೇ ಗೋಡೆಯನ್ನು 20 ಅಡಿಯ ಎಂಟು ಬದಿಗಳಾಗಿ ಮಡಿಸಿದರೆ ಸುಮಾರು 1,931 ಚದರ ಅಡಿ. ಒಂದು ಇಟ್ಟಿಗೆಯೂ ಹೆಚ್ಚು ಬೇಡ, ಜಾಗ ಮಾತ್ರ ಐದನೇ ಒಂದು ಭಾಗ ಹೆಚ್ಚು. ಎಂಟು ದಿಕ್ಕಿನಿಂದ ಬೆಳಕು, ನಡುವೆ ಮೆಟ್ಟಿಲು, ಮೇಲೆ ಬಿಸಿಗಾಳಿ ಹೊರಹೋಗಲು ಕಿಂಡಿಗಳ ಗೋಪುರ. ಮುಂದಿನ ದಶಕದಲ್ಲಿ ಇಂಥ ಮನೆಗಳು ನೂರಾರು ಎದ್ದವು.

ಲೆಕ್ಕ ಸರಿ, ಬಾಳುವೆಯೇ ಕಷ್ಟ. ಎಂಟು ಬದಿಯೊಳಗೆ ನಾಲ್ಕು ಚೌಕ ಕೋಣೆಗಳನ್ನು ಹೊಂದಿಸಿದರೆ ಮೂಲೆಗಳಲ್ಲಿ ತ್ರಿಕೋನಗಳು ಉಳಿಯುತ್ತವೆ. ಅಲ್ಲಿ ಮಂಚ ಹಿಡಿಸುವುದಿಲ್ಲ, ಬೀರು ಗೋಡೆಗೆ ಒರಗುವುದಿಲ್ಲ. ಉಗ್ರಾಣ ಮಾಡಬಹುದು ಅಷ್ಟೆ. ಫೌಲರ್ ತೋರಿಸಿದ ಉಳಿತಾಯದಲ್ಲಿ ಒಂದಿಷ್ಟು ಆ ಸಂದುಗಳಲ್ಲೇ ಸೋರಿಹೋಗುತ್ತದೆ. ಮುಂದೆ ಒಂದು ಕೋಣೆ ಸೇರಿಸೋಣವೆಂದರೂ ಎಲ್ಲಿಗೆ ಅಂಟಿಸುವುದು? ನ್ಯೂಯಾರ್ಕ್ ರಾಜ್ಯದ ಫಿಶ್‌ಕಿಲ್‌ನಲ್ಲಿ ಫೌಲರ್ ತನಗಾಗಿ ಕಟ್ಟಿಸಿದ ದೊಡ್ಡ ಮನೆಯೂ ಕೈಯಿಂದ ಕೈಗೆ ಹೋಗಿ, ಪಾಳುಬಿದ್ದು, 1897ರಲ್ಲಿ ಸಿಡಿಮದ್ದಿಗೆ ಉರುಳಿತು.

ಈಗ ಲಾಂಗ್‌ವುಡ್. ಬಡವನಿಗೆಂದು ಹಾಕಿದ ಲೆಕ್ಕ ಇಲ್ಲಿ ಹತ್ತಿ ತೋಟಗಳ ಶ್ರೀಮಂತ ಹಾಲರ್ ನಟ್‌ನ ಕೈಸೇರಿತು. ಫಿಲಡೆಲ್ಫಿಯಾದ ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ಸ್ಲೋನ್ ಬರೆದ ನಕ್ಷೆಯಲ್ಲಿ 32 ಕೋಣೆಗಳು, ನೆತ್ತಿಯ ಮೇಲೆ ಈರುಳ್ಳಿ ಆಕಾರದ ಗುಮ್ಮಟ. ನನಗೆ ತುಂಬ ಹಿಡಿಸುವುದು ಒಳಗಿನ ಯೋಚನೆ: ಮನೆಯ ನಡುವೆ ಮೇಲಿನವರೆಗೂ ತೆರೆದ ಬಾವಿಯಂಥ ಜಾಗ, ಗುಮ್ಮಟದ ಕಿಟಕಿಗಳಿಂದ ಬೀಳುವ ಬಿಸಿಲನ್ನು ಕನ್ನಡಿಗಳ ಮೂಲಕ ತಳದವರೆಗೆ ಇಳಿಸುವ ಯೋಜನೆ. ಅಷ್ಟು ಅಗಲದ ಮನೆಯ ಹೊಟ್ಟೆಯಲ್ಲಿ ಕತ್ತಲೆ ಕವಿಯುವುದು ಖಚಿತ. ಸ್ಲೋನ್ ಅದಕ್ಕೆ ಮೊದಲೇ ಉತ್ತರ ಹುಡುಕಿದ್ದ.

ಕೆಲಸ ಆರಂಭವಾದದ್ದು 1860ರಲ್ಲಿ. ಮರುವರ್ಷ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಸಿಡಿಯಿತು. ಉತ್ತರದಿಂದ ಬಂದಿದ್ದ ಬಡಗಿಗಳು, ಕುಶಲಕರ್ಮಿಗಳು ಹತ್ಯಾರ ಇಟ್ಟಲ್ಲೇ ಬಿಟ್ಟು ಊರಿಗೆ ಹೊರಟರು. ಹೊರಮೈ ಎದ್ದಿತ್ತು, ಒಳಗೆ ಗಾರೆಯೂ ಆಗಿರಲಿಲ್ಲ. ನೆಲಮಾಳಿಗೆಯ ಒಂಬತ್ತು ಕೋಣೆಗಳನ್ನು ಗುಲಾಮರ ದುಡಿಮೆಯಿಂದ ವಾಸಯೋಗ್ಯ ಮಾಡಿಕೊಂಡು ಕುಟುಂಬ ಅಲ್ಲಿ ಸೇರಿತು. ಬಂಗಲೆಯ ಕಥೆ ಹೇಳುವವರು ನಟ್ ದಂಪತಿಯ ದುಃಖಕ್ಕೆ ಕೊಡುವ ಜಾಗದಲ್ಲಿ ಕಾಲುಭಾಗವನ್ನೂ ಆ ಗುಲಾಮರಿಗೆ ಕೊಡುವುದಿಲ್ಲ. ಹತ್ತಿ ಬೆಳೆದು ಈ ಮನೆಗೆ ಹಣ ಹುಟ್ಟಿಸಿದವರೂ ಅವರೇ ಎಂಬುದನ್ನು ಮರೆಯಲು ನನಗೆ ಮನಸ್ಸಿಲ್ಲ.

ನಟ್ ದಕ್ಷಿಣದವನಾದರೂ ಉತ್ತರದ ಒಕ್ಕೂಟ ಸರ್ಕಾರದ ಪರವಾಗಿದ್ದ, ಆದರೂ ಯುದ್ಧ ಅವನ ತೋಟಗಳನ್ನು ಉಳಿಸಲಿಲ್ಲ. 1864ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಪತ್ನಿ ಜೂಲಿಯಾ ಮಕ್ಕಳೊಂದಿಗೆ ಅದೇ ನೆಲಮಾಳಿಗೆಯಲ್ಲಿ ಬದುಕಿದರು. ಮೇಲಿನ ಮಹಡಿಗಳಿಗೆ ಕೈಹಾಕಲು ಹಣ ಬರಲೇ ಇಲ್ಲ. ಕೆಲಸಗಾರರ ಪೆಟ್ಟಿಗೆ, ಬಣ್ಣದ ಡಬ್ಬಿಗಳು ಮೇಲೆಯೇ ಉಳಿದವು. ಇಂದು ಮನೆ ಊರಿನ ಒಂದು ಸಂಘದ ವಶದಲ್ಲಿದ್ದು, ಬೇಕೆಂದೇ ಅಪೂರ್ಣವಾಗಿ ಕಾಪಾಡಲಾಗಿದೆ. ಅದು ಒಳ್ಳೆಯ ನಿರ್ಧಾರ. ಗಾರೆ ಬಳಿದಿದ್ದರೆ ಎಂಟು ಬದಿಯ ಗೋಡೆಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದು ಯಾರಿಗೂ ಕಾಣುತ್ತಿರಲಿಲ್ಲ.

ಪ್ರಶ್ನೆ: ಪೂರ್ತಿಯಾದ ಎಂಟು ಮೂಲೆಯ ಮನೆ ಎಲ್ಲಿ ನೋಡಬಹುದು?

ಉತ್ತರ: ವಿಸ್ಕಾನ್ಸಿನ್‌ನ ವಾಟರ್‌ಟೌನ್‌ನಲ್ಲಿ 1854ರ ಮನೆಯೊಂದು ವಸ್ತುಸಂಗ್ರಹಾಲಯವಾಗಿದೆ, ನಡುವಿನ ಸುರುಳಿ ಮೆಟ್ಟಿಲಿಗಾಗಿಯೇ ಹೋಗಬೇಕು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1861ರದ್ದೊಂದಿದೆ. ಕೆಡವುವವರಿಂದ ಉಳಿಸಿ ರಸ್ತೆಯ ಆಚೆ ಬದಿಗೆ ಇಡೀ ಮನೆಯನ್ನೇ ಸಾಗಿಸಿದರು. ಅದರ ಮೆಟ್ಟಿಲ ಕೆಳಗೆ, ಕಟ್ಟಿಸಿದಾತ ಬರೆದಿಟ್ಟ ಪತ್ರವಿದ್ದ ತಗಡಿನ ಡಬ್ಬಿಯೂ ಸಿಕ್ಕಿತು. ಗುಮ್ಮಟವೇ ಬೇಕೆಂದರೆ ನ್ಯೂಯಾರ್ಕ್ ರಾಜ್ಯದ ಅರ್ವಿಂಗ್ಟನ್‌ಗೆ ಹೋಗಿ.