ಸ್ಟೀರಿಂಗ್ ತಿರುಗಿಸಿದಾಗ ಗುಂಯ್ ಎನ್ನುತ್ತದೆ, ಆಯಿಲ್ ಇಳಿಯುತ್ತಿದೆ: ಪಂಪ್ ಬದಲಿಸಲೇಬೇಕೇ?

ಪಾರ್ಕಿಂಗ್ ಮಾಡುವಾಗ ಸ್ಟೀರಿಂಗ್ ತಿರುಗಿಸಿದರೆ ಗುಂಯ್ ಸದ್ದು, ಎರಡು ತಿಂಗಳಲ್ಲಿ ಎರಡು ಸಲ ಆಯಿಲ್ ಹಾಕಿಸಿದ್ದು, ಈಗ ಪವರ್ ಸ್ಟೀರಿಂಗ್ ಪಂಪ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಇವತ್ತೇ ಪಂಪ್ ಬದಲಿಸಬೇಡಿ. ಮೊದಲು ಆಯಿಲ್ ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕಬೇಕು.

ಎಂಜಿನ್ ಆಯಿಲ್ ಸ್ವಲ್ಪ ಉರಿದು ಹೋಗಬಹುದು. ಪವರ್ ಸ್ಟೀರಿಂಗ್ ಆಯಿಲ್ ಹಾಗಲ್ಲ. ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ಮುಂದಿನ ಚಕ್ರಗಳನ್ನು ತಿರುಗಿಸುವ ರ್‍ಯಾಕಿಗೆ, ಅಲ್ಲಿಂದ ಮತ್ತೆ ಟ್ಯಾಂಕಿಗೆ ಸುತ್ತುತ್ತಲೇ ಇರುತ್ತದೆ. ಹೆಚ್ಚಿನ ಕಾರುಗಳಲ್ಲಿ ಇರುವುದೇ ಸುಮಾರು ಒಂದು ಲೀಟರ್. ಮಟ್ಟ ಇಳಿದಿದೆ ಎಂದರೆ ಸೋರಿದೆ, ಬೇರೆ ದಾರಿಯೇ ಇಲ್ಲ. ಮಟ್ಟ ಇಳಿದಾಗ ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ಆ ಗಾಳಿಯೇ ಗುಂಯ್‌ಗುಟ್ಟುವುದು. ಆ ಸ್ಥಿತಿಯಲ್ಲೇ ಓಡಿಸುತ್ತಾ ಹೋದರೆ ಪಂಪಿನೊಳಗೆ ಆಯಿಲ್ ತಳ್ಳುವ ರೆಕ್ಕೆಗಳಾದ ವೇನ್‌ಗಳಿಗೆ ಆಯಿಲ್ ಸಾಲದೆ ಸವೆಯುತ್ತವೆ. ಸೋರಿಕೆ ಹಾಗೇ ಬಿಟ್ಟು ಪಂಪ್ ಮಾತ್ರ ಹೊಸದು ಹಾಕಿದರೆ ಅದಕ್ಕೂ ಇದೇ ಗತಿ.

ಸದ್ದನ್ನು ಮೊದಲು ಸರಿಯಾಗಿ ಕೇಳಿ. ತಿರುಗಿಸಿದ ತಕ್ಷಣ ಕೀಚಲು ದನಿ ಬಂದು ನಿಂತುಹೋದರೆ ಅದು ಪಂಪ್ ತಿರುಗಿಸುವ ಬೆಲ್ಟ್ ಜಾರುವ ಸದ್ದು. ಬೆಲ್ಟಿನ ಒಳಮೈ ಗಾಜಿನಂತೆ ಹೊಳೆಯುತ್ತಿದೆಯೇ, ಬಿರುಕು ಬಿಟ್ಟಿದೆಯೇ, ಆಯಿಲ್ ತಾಗಿದೆಯೇ ನೋಡಿ. ಎಂಜಿನ್ ವೇಗದ ಜೊತೆ ಏರಿಳಿಯುವ, ತಿರುಗಿಸಿದಾಗ ಜೋರಾಗುವ ಗುಂಯ್ ಆದರೆ ಪಂಪಿನ ಕಡೆಯದು. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಬರುವ ಸುಯ್ ಎನ್ನುವ ಸದ್ದು ಮಾತ್ರ ದೋಷವಲ್ಲ. ಒತ್ತಡ ಮಿತಿ ಮೀರದಂತೆ ರಿಲೀಫ್ ವಾಲ್ವ್ ತೆರೆದುಕೊಂಡಾಗ ಹಾಗಾಗುತ್ತದೆ. ಆದರೆ ಅಲ್ಲೇ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಆಯಿಲ್ ಬಹಳ ಬೇಗ ಕಾಯುತ್ತದೆ.

ಈಗ ಆಯಿಲ್ ನೋಡೋಣ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ನಿಲ್ಲಿಸಿ. ಮುಚ್ಚಳದ ಸುತ್ತ ಒರೆಸಿದ ಮೇಲೆಯೇ ತೆರೆಯಿರಿ, ಒಂದು ಕಣ ಮಣ್ಣು ಒಳಗೆ ಹೋದರೂ ಪಂಪಿಗೆ ಕೇಡು. ತಣ್ಣಗಿನ ಮತ್ತು ಬಿಸಿ ಆಯಿಲ್‌ಗೆ ಬೇರೆ ಬೇರೆ ಗುರುತುಗಳಿದ್ದರೆ ಅದರಂತೆ ಓದಿ. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಹಾಕಿ. ನೊರೆ ಇದ್ದರೆ ಅಥವಾ ಹಾಲು ಬೆರೆತಂತೆ ಕಂಡರೆ ಗಾಳಿ ಸೇರಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆಯಿಲಿನ ಆಯಸ್ಸು ಮುಗಿದಿದೆ. ಹೊಳೆಯುವ ಲೋಹದ ಪುಡಿ ಕಂಡರೆ ಮಾತ್ರ ಪಂಪ್ ಸವೆದಿದೆ ಎನ್ನುವ ಮಾತಿಗೆ ಬಲ ಬರುತ್ತದೆ.

ಸೋರಿಕೆ ಹುಡುಕುವಾಗ ಹೆಚ್ಚಿನವರು ನೆಲದ ಮೇಲಿನ ಕಲೆಯನ್ನಷ್ಟೇ ನೋಡುತ್ತಾರೆ, ಅದು ಸಾಲದು. ರ್‍ಯಾಕಿನ ಎರಡು ತುದಿಯಲ್ಲಿ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇರುತ್ತದೆ. ರ್‍ಯಾಕ್ ಸೀಲ್ ಸೋರಿದರೆ ಆಯಿಲ್ ಕೆಳಗೆ ಬೀಳದೆ ಆ ಬೂಟಿನೊಳಗೇ ತುಂಬಿಕೊಳ್ಳುತ್ತದೆ. ಬೂಟನ್ನು ಬೆರಳಿಂದ ಒತ್ತಿ ನೋಡಿ, ಒಳಗೆ ದ್ರವ ಅಲುಗಾಡಿದರೆ ಅಲ್ಲೇ ಸಿಕ್ಕಿಬಿದ್ದಂತೆ. ಇನ್ನುಳಿದ ಜಾಗಗಳು: ಪಂಪಿನಿಂದ ಹೊರಡುವ ಪ್ರೆಶರ್ ಹೋಸಿನಲ್ಲಿ ರಬ್ಬರ್ ಮತ್ತು ಲೋಹ ಸೇರುವ ಕಡೆ, ಪಂಪಿನ ಪುಲ್ಲಿ ಹಿಂದಿನ ಶಾಫ್ಟ್ ಸೀಲ್, ಆಯಿಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಹೋಸಿನ ಕ್ಲಿಪ್. ಎಲ್ಲ ತೊಳೆದು ಒಣಗಿಸಿ, ಎಂಜಿನ್ ಚಾಲೂ ಮಾಡಿ, ಇನ್ನೊಬ್ಬರಿಂದ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ತಿರುಗಿಸಿಸಿ ಟಾರ್ಚ್ ಹಿಡಿದು ನೋಡಿ. ಬೆಲ್ಟು, ಫ್ಯಾನಿನ ಹತ್ತಿರ ಕೈ ಬೇಡ. ಪಂಪಿಗೆ ಬರುವ ಹೋಸ್ ಸಡಿಲವಿದ್ದರೆ ಆಯಿಲ್ ಸೋರದೆಯೂ ಗಾಳಿ ಎಳೆಯಬಹುದು, ಅದನ್ನೂ ಬಿಗಿ ಮಾಡಿಸಿ. ಕೆಲವು ಗಾಡಿಗಳಲ್ಲಿ ಟ್ಯಾಂಕಿನ ತಳದಲ್ಲೇ ಜಾಲರಿ ಇರುತ್ತದೆ. ಅದು ಕಸ ಕಟ್ಟಿಕೊಂಡರೂ ಇದೇ ಗುಂಯ್ ಸದ್ದು, ಪಂಪಿನ ಮೇಲೆ ಅಪವಾದ!

ಸೋರಿಕೆ ಸರಿಮಾಡಿದ ಮೇಲೆ ಹಳೆಯ ಆಯಿಲ್ ತೆಗೆದು ಹೊಸದು ಹಾಕಿ. ಮುಂದಿನ ಚಕ್ರಗಳನ್ನು ಜಾಕ್ ಕೊಟ್ಟು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕನ್ನು ನಂಬಬೇಡಿ. ರಿಟರ್ನ್ ಹೋಸನ್ನು ಟ್ಯಾಂಕಿನಿಂದ ಬಿಡಿಸಿ ಬಾಟಲಿಗೆ ಇಳಿಬಿಟ್ಟು, ಟ್ಯಾಂಕಿನ ಆ ತೂತಿಗೆ ಬಿರಡೆ ಹಾಕಿ. ಎಂಜಿನ್ ನಿಂತಿರುವಾಗಲೇ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸುತ್ತಾ ಹೋದರೆ ಹಳೆಯದು ಹೊರಬರುತ್ತದೆ. ಟ್ಯಾಂಕ್ ಒಂದು ಕ್ಷಣವೂ ಖಾಲಿಯಾಗದಂತೆ ಹೊಸದು ಸುರಿಯುತ್ತಿರಿ. ಎರಡು ಲೀಟರ್ ಇಟ್ಟುಕೊಂಡರೆ ಸಾಕಾಗುತ್ತದೆ. ಹೋಸ್ ಮತ್ತೆ ಜೋಡಿಸಿದ ಮೇಲೆ ಎಂಜಿನ್ ಚಾಲೂ ಮಾಡದೆಯೇ ಇನ್ನೂ 15 ರಿಂದ 20 ಸಲ ತಿರುಗಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ. ಅವಸರ ಮಾಡಿ ಎಂಜಿನ್ ಹಚ್ಚಿದರೆ ಪಂಪ್ ಆ ಗಾಳಿಯನ್ನೆಲ್ಲ ಕಡೆದು ನೊರೆ ಮಾಡುತ್ತದೆ, ಆಮೇಲೆ ಅದು ಆರಲು ಗಂಟೆಗಟ್ಟಲೆ ಕಾಯಬೇಕು.

ಯಾವ ಆಯಿಲ್ ಎನ್ನುವುದನ್ನು ಮುಚ್ಚಳ ಅಥವಾ ಗಾಡಿಯ ಪುಸ್ತಕ ಹೇಳುತ್ತದೆ. ಕೆಲವಕ್ಕೆ ಡೆಕ್ಸ್‌ರಾನ್ ಜಾತಿಯ ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್), ಕೆಲವಕ್ಕೆ ಹಸಿರು ಬಣ್ಣದ ಸಿಂಥೆಟಿಕ್ ಹೈಡ್ರಾಲಿಕ್ ಆಯಿಲ್ ಆದ ಸಿಎಚ್‌ಎಫ್, ಹೋಂಡಾದಂಥ ಕಂಪನಿಗಳದ್ದು ಅವರದೇ ಬೇರೆ. ಬಣ್ಣ ಒಂದೇ ಇದೆ ಅಂತ ಬೆರೆಸಬೇಡಿ. ಬ್ರೇಕ್ ಆಯಿಲ್ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ, ಸೀಲುಗಳು ಉಬ್ಬಿ ಇಡೀ ವ್ಯವಸ್ಥೆ ಹಾಳಾಗುತ್ತದೆ.

ಇಷ್ಟಾದ ಮೇಲೂ ಸದ್ದು ನಿಲ್ಲದೆ ಸ್ಟೀರಿಂಗ್ ಗಟ್ಟಿಯಾಗಿಯೇ ಇದ್ದರೆ ಪ್ರೆಶರ್ ಗೇಜ್ ಹಾಕಿ ಅಳೆಯಿರಿ ಎಂದು ಮೆಕ್ಯಾನಿಕ್ಕನ್ನು ಕೇಳಿ. ಗೇಜಿನ ವಾಲ್ವನ್ನು ಐದು ಸೆಕೆಂಡ್ ಮೀರದಂತೆ ಮುಚ್ಚಿದಾಗ ಕಂಪನಿ ಹೇಳಿದ ಒತ್ತಡ ಬಂದರೆ ಪಂಪ್ ಚೆನ್ನಾಗಿದೆ, ತೊಂದರೆ ಮುಂದೆ ರ್‍ಯಾಕಿನಲ್ಲಿದೆ. ಬರದಿದ್ದರೆ ಪಂಪ್ ಬದಲಿಸುವುದು ನ್ಯಾಯ. ಗೇಜ್ ಇಲ್ಲದೆಯೂ ಒಂದು ಸುಳಿವು ಸಿಗುತ್ತದೆ: ಒಂದೇ ಕಡೆಗೆ ತಿರುಗಿಸುವಾಗ ಗಟ್ಟಿಯಾದರೆ ಅದು ಬಹುತೇಕ ರ್‍ಯಾಕಿನ ಒಳ ಸೀಲ್ ಅಥವಾ ವಾಲ್ವ್, ಏಕೆಂದರೆ ಪಂಪ್ ಎರಡೂ ಕಡೆಗೆ ಒಂದೇ ಒತ್ತಡ ಕೊಡುತ್ತದೆ. ಎರಡೂ ಕಡೆ ಗಟ್ಟಿ, ಸದ್ದೇನೂ ಇಲ್ಲ ಎಂದಾದರೆ ಮೊದಲು ಟಯರಿನ ಗಾಳಿ ನೋಡಿ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರವಾಗದಿದ್ದರೆ ಬಾಲ್ ಜಾಯಿಂಟ್ ಅಥವಾ ಸ್ಟೀರಿಂಗ್ ಕಂಬದ ಯೂ ಜಾಯಿಂಟ್ ಬಿಗಿದಿರಬಹುದು.

ಇಲ್ಲಿ ಓದುವ ಬೇರೆಯವರಿಗೆ ಒಂದು ಮಾತು. ಪೂರ್ತಿ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಗಾಡಿಯಲ್ಲಿ ಟ್ಯಾಂಕೂ ಇಲ್ಲ, ಆಯಿಲೂ ಇಲ್ಲ. ಅದರಲ್ಲಿ ಸ್ಟೀರಿಂಗ್ ಚಿತ್ರದ ದೀಪ ಉರಿದರೆ ಮೊದಲು ಬ್ಯಾಟರಿಯ ವೋಲ್ಟೇಜ್, ಟರ್ಮಿನಲ್, ಅರ್ಥ್ ವೈರು, ಫ್ಯೂಸ್ ನೋಡಿ, ನಂತರ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ.

ನಿಮ್ಮ ಗಾಡಿ ಸದ್ಯ ಓಡಿಸಬಹುದೇ ಎಂದರೆ, ದಿನಾ ಮಟ್ಟ ನೋಡಿ ಕನಿಷ್ಠ ಗುರುತಿಗಿಂತ ಮೇಲಿದ್ದರೆ ಹತ್ತಿರದ ಗ್ಯಾರೇಜಿಗೆ ಹೋಗುವಷ್ಟು ಓಡಿಸಿ. ಸೋರಿದ ಆಯಿಲ್ ಎಕ್ಸಾಸ್ಟ್ ಪೈಪಿನ ಮೇಲೆ ಬೀಳುತ್ತಿದ್ದರೆ ಅಥವಾ ಬಾನೆಟ್ ಒಳಗಿಂದ ಹೊಗೆ ಬಂದರೆ ಒಂದು ಹೆಜ್ಜೆಯೂ ಓಡಿಸಬೇಡಿ, ಆ ಆಯಿಲಿಗೆ ಬೆಂಕಿ ಹತ್ತಬಹುದು. ಬೂಟ್ ಒತ್ತಿದಾಗ ಏನು ಕಂಡಿತು, ಆಯಿಲ್ ಬಣ್ಣ ಹೇಗಿದೆ ಎಂದು ಬರೆಯಿರಿ, ಮುಂದಿನದನ್ನು ನೋಡೋಣ.